ಹಿಮ್ಮಾಹಿತಿ

ಕೆರೂರ
೧೯ ಜೂನ್ ೨೦೨೪

ಮಗಳು ಖುಶನುಮಾಗೆ ನಿನ್ನ ಅಬ್ಬಾ ಜಾಫರಸಾಬ ಮಾಡುವ ದುವಾ.

ಕಾಗದ ಕಂಡು ಗಾಬರಿಯಾಗಬೇಡ, ಯಾರೂ ಸತ್ತಿಲ್ಲ. ಬಕ್ರೀದಿಗೆ ಏಕೆ ಬರಲಿಲ್ಲ ಎಂದು ಕೇಳಲೂ ಬರೆಯುತ್ತಿಲ್ಲ. ಫೋನಿನಲ್ಲಿ ಮಾತಾಡಬೇಕೆಂದರೆ ನಿನ್ನ ಅಮ್ಮಿ ನನ್ನ ಎಡಗಿವಿಗೆ ಬಾಯಿ ಹಚ್ಚಿ ಕೂಗಬೇಕು. ಹಾಗೆ ಕೂಗಿದರೆ ಓಣಿಯವರು ನನಗಿಂತ ಮೊದಲೇ ಉತ್ತರ ಹೇಳಿಯಾರು. ವಾಟ್ಸಪ್ಪಿನಲ್ಲಿ ಬರೆಯೋಣವೆಂದರೆ ಮಕ್ಕಳ ಹಾಜರಿ ಹಾಕಲು ನನ್ನ ಫೋನು ದಿನವಿಡೀ ಸಂಗಮೇಶ ಮಾಸ್ತರನ ಕೈಯಲ್ಲಿರುತ್ತದೆ. ನಾನು ಬರೆಯುತ್ತಿರುವುದು ಅವನ ವಿಷಯವೇ.

ಈ ಹುಡುಗ ರಜೆಯಲ್ಲಿ ಇಳಕಲ್ಲಿಗೆ ನೀನು ಕೊಡುವ ತರಬೇತಿಗೆ ಹೋದ. ಹೋಗುವಾಗ ಬರೀ ಮಾಸ್ತರನಾಗಿದ್ದವನು ಬರುವಾಗ ‘ಶಾಲಾ ಸುಗಮಕಾರ’ ಆಗಿ ಬಂದಿದ್ದಾನೆ. ನಮ್ಮನ್ನೆಲ್ಲ ಒಂದು ತಂಡ ಮಾಡಿ ಶಾಲೆಯನ್ನು ಒಳಗಿನಿಂದಲೇ ಸುಧಾರಿಸುತ್ತಾನಂತೆ. ಹೊರಗಿನಿಂದ ಸಾಹೇಬ ಬಂದರೆ ಒಂದು ದಿನದ ಕಾಟ, ಒಳಗೇ ಒಬ್ಬನನ್ನು ಕೂರಿಸಿದರೆ ವರ್ಷವಿಡೀ. ಇದನ್ನು ಹುಡುಕಿದವರು ಜಾಣರು, ಒಪ್ಪಬೇಕು. ಹೆಡ್‌ಮಾಸ್ತರಿಣಿ ಭುವನೇಶ್ವರಿ ಅಕ್ಕೋರು ಮೊದಲ ದಿನವೇ ತಲೆಯಾಡಿಸಿದರು. ಅವರು ಗಾಳಿ ಬೀಸಿದರೂ ತಲೆಯಾಡಿಸುತ್ತಾರೆ.

ಮುಂದಿನ ತಿಂಗಳಿನಿಂದ ಅವನು ಒಬ್ಬೊಬ್ಬರ ತರಗತಿಯಲ್ಲೂ ಹಿಂದೆ ಕೂತು ನೋಡುತ್ತಾನಂತೆ. ಇಲ್ಲಿಗೆ ಬಂತು ನನ್ನ ಸಂಕಟ. ನನ್ನ ಬಲಗಿವಿ ಪೂರ್ತಿ ಹೋಗಿದೆ, ಎಡಗಿವಿ ಅರ್ಧ. ಇದು ನಿನಗೆ, ನಿನ್ನ ಅಮ್ಮಿಗೆ, ನನಗೆ ಬಿಟ್ಟರೆ ಅಲ್ಲಾಹನಿಗೆ ಮಾತ್ರ ಗೊತ್ತು. ಶಾಲೆಯಲ್ಲಿ ತುಟಿ ನೋಡಿ ಮಾತು ತಿಳಿಯುತ್ತೇನೆ. ಉತ್ತರ ಗೊತ್ತಿರುವ ಪ್ರಶ್ನೆಯನ್ನೇ ಕೇಳುತ್ತೇನೆ. ಕಿವಿಯ ಮಷೀನು ತಂದದ್ದು ಟ್ರಂಕಿನಲ್ಲಿದೆ. ಅದನ್ನು ಹಾಕಿಕೊಂಡು ಹೋದ ದಿನವೇ ನನ್ನ ಹೆಸರು ಬದಲಾಗುತ್ತದೆ.

ನಿವೃತ್ತಿಗೆ ಇನ್ನು ಎರಡು ವರ್ಷ. ಗೊತ್ತಾದರೆ ನನ್ನನ್ನು ತರಗತಿಯಿಂದ ಎಬ್ಬಿಸಿ ಬಿಸಿಯೂಟದ ಕೋಣೆಯ ಮುಂದೆ ಕೂರಿಸುತ್ತಾರೆ. ಮಾಸ್ತರನಾಗಿ ಸೇರಿದವನು ಮಾಸ್ತರನಾಗಿಯೇ ಹೊರಗೆ ಬರಬೇಕು, ನನಗೆ ಉಳಿದಿರುವ ಆಸೆ ಇದೊಂದೇ. ಸಂಗಮೇಶ ನಿನ್ನ ಶಿಷ್ಯ. ‘ಜಾಫರಸಾಬ ಸರ್ ಹಿರಿಯರು, ಅವರ ತರಗತಿ ಬಿಟ್ಟುಬಿಡಿ’ ಎಂದು ಒಂದು ಮಾತು ಹೇಳು. ನಿನ್ನಿಂದ ಈವರೆಗೆ ಏನನ್ನೂ ಬೇಡಿಲ್ಲ.

ನಿನ್ನ ಅಬ್ಬಾ


ನವನಗರ, ಬಾಗಲಕೋಟೆ
೨ ಜುಲೈ ೨೦೨೪

ಅಬ್ಬಾ, ಸಲಾಮ್.

ನಿಮ್ಮ ಕಾಗದ ಸಿಕ್ಕಿತು. ಆಗುವುದಿಲ್ಲ.

ಕಾರಣ ಹೇಳುತ್ತೇನೆ. ಒಂದು ಶಾಲೆಯಲ್ಲಿ ಒಬ್ಬರ ತರಗತಿಯನ್ನು ಬಿಟ್ಟರೆ ಉಳಿದವರು ‘ಅವರಿಗೊಂದು ನ್ಯಾಯ, ನಮಗೊಂದು ನ್ಯಾಯವೇ’ ಎನ್ನುತ್ತಾರೆ. ಅಲ್ಲಿಗೆ ತಂಡ ಮುರಿಯುತ್ತದೆ. ಅದರಲ್ಲೂ ಬಿಡಿಸಿದವಳು ತರಬೇತುದಾರಳು, ಬಿಟ್ಟದ್ದು ಅವಳ ಅಪ್ಪನನ್ನು ಎಂದರೆ ನಾನು ಇಳಕಲ್ಲಿನಲ್ಲಿ ಯಾವ ಮುಖ ಇಟ್ಟುಕೊಂಡು ನಿಲ್ಲಲಿ?

ಇದನ್ನು ನನಗೆ ಕಲಿಸಿದವರು ನೀವೇ. ಐದನೆಯ ತರಗತಿಯಲ್ಲಿ ಮಗ್ಗಿ ತಪ್ಪಿದವರಿಗೆ ಒಂದು ಏಟು, ನನಗೆ ಎರಡು. ‘ಮಾಸ್ತರ ಮಗಳಂತ ಬಿಟ್ಟಾನ ಅನ್ನಬಾರದು ಮಂದಿ’ ಎಂದು ಮನೆಯಲ್ಲಿ ಅಮ್ಮಿಗೆ ಹೇಳಿದಿರಿ. ಅಮ್ಮಿ ನನ್ನ ಅಂಗೈಗೆ ಎಣ್ಣೆ ಹಚ್ಚುತ್ತಿದ್ದಳು, ನೀವು ಚಹಾ ಕುಡಿಯುತ್ತಿದ್ದಿರಿ. ಒಮ್ಮೆ ಬಾಯಿತಪ್ಪಿ ‘ಅಬ್ಬಾ’ ಎಂದದ್ದಕ್ಕೆ ಹೊರಗೆ ಬಿಸಿಲಿನಲ್ಲಿ ನಿಲ್ಲಿಸಿದಿರಿ. ‘ಸಾಲ್ಯಾಗ ನಿನಗ ಅಬ್ಬಾ ಯಾರೂ ಇಲ್ಲ. ಸರ್ ಅನ್ನು.’ ನಾನು ಸರ್ ಎಂದೆ. ಈಗ ನಿಮಗೆ ಇದ್ದಕ್ಕಿದ್ದಂತೆ ಮಗಳು ಬೇಕಾಗಿದ್ದಾಳೆ.

ಹೆದರಬೇಡಿ. ಸುಗಮಕಾರ ತಪ್ಪು ಹಿಡಿಯುವುದಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆಯುತ್ತಾನೆ. ಆಮೇಲೆ ತಂಡವಾಗಿ ಕೂತು ಹಿಮ್ಮಾಹಿತಿ ಕೊಡುತ್ತಾರೆ. ಹೇಳುವುದು ಕಡಿಮೆ, ಕೇಳುವುದು ಹೆಚ್ಚು. ನಿಮ್ಮ ಕಿವಿಯ ವಿಷಯ ನಾನಾಗಿ ಹೇಳುವುದಿಲ್ಲ, ಅಷ್ಟು ಮಾತು ಕೊಡುತ್ತೇನೆ. ನೀವೇ ಹೇಳಿಕೊಂಡರೆ ಎಲ್ಲರಿಗೂ ಒಳ್ಳೆಯದು. ಮಷೀನು ಹಾಕಿಕೊಂಡು ತರಗತಿಗೆ ಹೋಗಿ.

ಖುಶನುಮಾ


ಕೆರೂರ
೨೧ ಜುಲೈ ೨೦೨೪

ಮಗಳು ಖುಶನುಮಾಗೆ ದುವಾ.

ನಿನ್ನ ಅಕ್ಷರ ದುಂಡಗಿದೆ. ಅದೂ ನನ್ನ ಏಟಿನಿಂದಲೇ ಬಂದದ್ದು, ಆ ಲೆಕ್ಕ ನೀನು ಬರೆಯಲಿಲ್ಲ. ಮನೆಗೆ ಮಾರಿ, ಊರಿಗೆ ಉಪಕಾರಿ ಎಂಬ ಗಾದೆ ಓದಿದ್ದೆ, ಈಗ ಅದರ ಅಂಚೆ ವಿಳಾಸವೂ ಗೊತ್ತಾಯಿತು.

ನೀನು ಬರೆದ ಹಿಮ್ಮಾಹಿತಿ ಎಂಬ ಪದದ ಮೇಲೆ ಎರಡು ದಿನ ಕೂತೆ. ನಾನು ಕನ್ನಡ ಕಲಿಸುವವನಲ್ಲವೇ. ಹಿಮ್ಮೇಳ ಎಂದರೆ ಹಿಂದೆ ನಿಂತು ಹಾಡುವವರು. ಹಿಮ್ಮಡಿ ಎಂದರೆ ಕಾಲಿನ ಹಿಂಭಾಗ. ಹಾಗಾದರೆ ಹಿಮ್ಮಾಹಿತಿ ಎಂದರೆ ಹಿಂದಿನಿಂದ ಹೋಗುವ ಮಾಹಿತಿ. ಇದಕ್ಕೆ ನಮ್ಮ ಕಡೆ ಮೊದಲೇ ಒಂದು ಪದವಿತ್ತು, ಚಾಡಿ. ಹೊಸ ಪದ ಕಟ್ಟಲು ಅಷ್ಟು ಖರ್ಚು ಮಾಡಬೇಕಾಗಿರಲಿಲ್ಲ.

ನಿನ್ನೆ ಶನಿವಾರ ನಿನ್ನ ಶಿಷ್ಯ ನಮ್ಮನ್ನೆಲ್ಲ ನೆಲದ ಮೇಲೆ ದುಂಡಗೆ ಕೂರಿಸಿದ. ಭುವನೇಶ್ವರಿ ಅಕ್ಕೋರು ಮಂಡಿನೋವಿನವರು, ಅವರೂ ಕೂತರು. ಕೈಗೊಂದು ರಬ್ಬರಿನ ಚೆಂಡು. ಚೆಂಡು ಯಾರ ಕೈಗೆ ಬರುತ್ತದೋ ಅವರು ಮಾತಾಡಬೇಕು. ನನ್ನ ಕೈಗೆ ಬಂತು. ಅವನು ಏನೋ ಕೇಳಿದ, ಅದೇ ಹೊತ್ತಿಗೆ ಮೀಸೆ ಒರೆಸಿಕೊಂಡ. ತುಟಿ ಕಾಣಲಿಲ್ಲ. ಹನ್ನೊಂದು ಗಂಟೆಯ ಸುಮಾರು, ಊಟದ ಮಾತೇ ಇರಬೇಕೆಂದುಕೊಂಡೆ.

‘ಇವತ್ತ ಹೆಸರಬ್ಯಾಳಿ ಐತ್ರಿ’ ಎಂದೆ.

ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ. ಅವನು ಕೇಳಿದ್ದು ‘ನಿಮ್ಮ ತರಗತಿಯಲ್ಲಿ ಬಹಳ ಹಿಂದುಳಿದ ಮಗು ಯಾವುದು’ ಎಂದು. ಅದು ಆಮೇಲೆ ಗೊತ್ತಾಯಿತು. ‘ಜಾಫರಸಾಬ ಸರ್ ಭಾಳ ಚಾಷ್ಟಿ ಮಾಡ್ತಾರ್ರಿ’ ಎಂದು ಅಕ್ಕೋರು ಎಲ್ಲರಿಗೂ ಕಾಣುವ ಹಾಗೆ ಬಾಯಿ ತುಂಬ ಹೇಳಿದರು. ಇನ್ನು ಮೇಲೆ ನಾನು ಶಾಲೆಯ ಚಾಷ್ಟಿಗಾರ. ಕಿವುಡ ಎನ್ನಿಸಿಕೊಳ್ಳುವುದಕ್ಕಿಂತ ಚಾಷ್ಟಿಗಾರ ಎನ್ನಿಸಿಕೊಳ್ಳುವುದು ವಾಸಿ. ಎರಡು ವರ್ಷ ಇದರಲ್ಲೇ ದಾಟಿಸಬಲ್ಲೆ. ನೀನು ಅಡ್ಡ ಬರದಿದ್ದರೆ ಸಾಕು.

ನಿನ್ನ ಅಬ್ಬಾ


ಹುನಗುಂದ
೩೦ ಆಗಸ್ಟ್ ೨೦೨೪

ಅಬ್ಬಾ, ಸಲಾಮ್.

ಮರೋಳದ ಕಡೆ ಶಾಲೆಗಳನ್ನು ನೋಡಲು ಬಂದು ಹುನಗುಂದದಲ್ಲಿ ಉಳಿದಿದ್ದೇನೆ. ಎಲ್ಲ ಸುಗಮಕಾರರು ತಾವು ಕಂಡದ್ದನ್ನು ಬರೆದು ಕಳಿಸಿದ್ದಾರೆ. ಸಂಗಮೇಶ ನಿಮ್ಮ ತರಗತಿಯ ಬಗ್ಗೆ ಬರೆದದ್ದನ್ನು ಇಂದು ಓದಿದೆ. ನೀವು ನನ್ನ ಅಪ್ಪ ಎಂಬುದು ಅವನಿಗೆ ಗೊತ್ತು. ಆದರೂ ಬರೆದಿದ್ದಾನೆ, ಅದಕ್ಕೆ ಅವನ ಮೇಲೆ ಗೌರವ ಹುಟ್ಟಿತು.

‘ಶಿಕ್ಷಕರು ವಿಷಯ ಚೆನ್ನಾಗಿ ಹೇಳುತ್ತಾರೆ. ಆದರೆ ಮಕ್ಕಳ ಮಾತು ಕೇಳುವುದಿಲ್ಲ.’ ಹೀಗೆ ಶುರುವಾಗುತ್ತದೆ. ಆಮೇಲೆ ಒಂದು ಘಟನೆ. ಹಿಂದಿನ ಸಾಲಿನ ಹುಡುಗಿಯೊಬ್ಬಳು ಹೊರಗೆ ಹೋಗಲು ಕೇಳಿದಳು. ನೀವು ಬೋರ್ಡಿನ ಕಡೆ ತಿರುಗಿ ಬರೆಯುತ್ತಿದ್ದಿರಿ. ಮತ್ತೆ ಕೇಳಿದಳು. ಮೂರನೆಯ ಸಲ ಅಳುದನಿಯಲ್ಲಿ ಕೇಳಿದಳು. ನೀವು ತಿರುಗಲಿಲ್ಲ. ಕೊನೆಗೆ ಕುಳಿತಲ್ಲೇ ಒದ್ದೆಯಾದಳು. ಆಗ ನೀವು ತಿರುಗಿ, ಮಕ್ಕಳು ಏಕೆ ನಗುತ್ತಿದ್ದಾರೆಂದು ತಿಳಿಯದೆ ನೀವೂ ನಕ್ಕಿರಿ.

ನೀವೂ ನಕ್ಕಿರಿ, ಅಬ್ಬಾ. ಆ ಹುಡುಗಿ ಒಂದು ವಾರ ಶಾಲೆಗೆ ಬರಲಿಲ್ಲವಂತೆ. ಮಕ್ಕಳ ಹೆಸರು ಬರೆಯುವುದಾಗಲೀ ಹೇಳುವುದಾಗಲೀ ಕೂಡದು ಎಂಬುದು ನಮ್ಮ ಮೊದಲ ನಿಯಮ. ಸಂಗಮೇಶ ಹೆಸರು ಬರೆದಿಲ್ಲ. ಆದರೆ ನನಗೆ ಅವಳು ಕಣ್ಣಿಗೆ ಕಟ್ಟುತ್ತಾಳೆ. ನಿಮ್ಮ ತರಗತಿಯಲ್ಲಿ ಹಿಂದಿನ ಸಾಲಿನಲ್ಲಿ ಕೂತು ಹೆದರುವುದೆಂದರೆ ಏನೆಂದು ನನಗೆ ಗೊತ್ತು.

ಆಸೆ ನಿಮ್ಮದು, ಒದ್ದೆಯಾದದ್ದು ಅವಳ ಲಂಗ. ಮಷೀನು ಹಾಕಿಕೊಳ್ಳಿ, ಇಲ್ಲವೇ ತರಗತಿ ಬಿಡಿ.

ಖುಶನುಮಾ


ಕೆರೂರ
೬ ಅಕ್ಟೋಬರ್ ೨೦೨೪

ಖುಶನುಮಾಗೆ ದುವಾ.

ತಡವಾಗಿ ಬರೆಯುತ್ತಿದ್ದೇನೆ. ಸಿಟ್ಟು ಇಳಿಯಲಿ ಎಂದು ಕಾದೆ.

ಆ ಹುಡುಗಿ ಅಬೇದಾ. ಅವಳ ಅಪ್ಪ ಗೌಂಡಿ ಕೆಲಸದವನು, ಗೋವಾದಲ್ಲಿದ್ದಾನೆ. ಕೇಳುವುದಿದ್ದರೆ ಕೈ ಎತ್ತಬೇಕೋ ಬೇಡವೋ? ಬಾಯಲ್ಲಿ ಕೂಗಿದರೆ ಶಾಲೆ ಸಂತೆಯಾಗುತ್ತದೆ. ಈಗ ಕಟ್ಟಳೆ ಮಾಡಿದ್ದೇನೆ. ಕೈ ಎತ್ತದೆ ಮಾತಾಡಿದವರಿಗೆ ಛಡಿ ತೋರಿಸುತ್ತೇನೆ, ಹೊಡೆಯುವುದು ಈಗ ಕಾನೂನಿಗೆ ಆಗದು. ಅವಳನ್ನು ಮುಂದಿನ ಸಾಲಿಗೆ ತಂದು ಕೂರಿಸಿದ್ದೇನೆ. ಆ ವಿಷಯ ಮುಗಿಯಿತು.

ಸಂಗಮೇಶ ಬರೆದದ್ದರಲ್ಲಿ ಒಂದು ಸೊಗಸಿದೆ, ನೀನು ಗಮನಿಸಲಿಲ್ಲ. ‘ಕೇಳುವುದಿಲ್ಲ’ ಎಂದು ಬರೆದ. ನಡುವೆ ಒಂದು ‘ಇಸು’ ಸೇರಿಸಿ ‘ಕೇಳಿಸುವುದಿಲ್ಲ’ ಎಂದಿದ್ದರೆ ನನ್ನ ನೌಕರಿ ಅಂದೇ ಮುಗಿಯುತ್ತಿತ್ತು. ಕಿವುಡನನ್ನು ಎಬ್ಬಿಸುತ್ತಾರೆ, ಮಕ್ಕಳ ಮಾತು ಕೇಳದ ಮಾಸ್ತರನನ್ನು ತಿದ್ದುತ್ತಾರೆ. ಅವನು ನನ್ನನ್ನು ತಿದ್ದಲು ಹೊರಟ.

ಈಗ ತಮಾಷೆ ಕೇಳು. ಅವನು ಹೇಳಿದ, ‘ಸರ್, ನೀವು ಮಾತಾಡೂದ ಬ್ಯಾಡ್ರಿ. ಹುಡುಗೂರ್ನ ಗುಂಪು ಮಾಡಿ ಕುಂದರಸ್ರಿ. ಅವು ತಮ್ಮತಮ್ಮೊಳಗ ಮಾತಾಡಿ ಕಲೀತಾವು. ನೀವು ಸುಮ್ನ ಅಡ್ಡಾಡಿ ನೋಡ್ರಿ.’ ಇದಕ್ಕಿಂತ ಒಳ್ಳೆಯ ಪದ್ಧತಿಯನ್ನು ಕಿವುಡನೇ ಕೂತು ಹುಡುಕಿದರೂ ಕಂಡುಹಿಡಿಯಲಾರ! ಮಕ್ಕಳು ಗುಂಪಿನಲ್ಲಿ ಬಾಯಿ ಆಡಿಸುತ್ತವೆ. ನಾನು ಕೈ ಹಿಂದೆ ಕಟ್ಟಿಕೊಂಡು ತಿರುಗುತ್ತೇನೆ, ಒಂದೊಂದು ಗುಂಪಿನ ಹತ್ತಿರ ಬಗ್ಗಿ ‘ಭೇಷ್’ ಎನ್ನುತ್ತೇನೆ. ಅವು ಲೆಕ್ಕ ಮಾಡುತ್ತವೋ ಸಿನೆಮಾ ಮಾತಾಡುತ್ತವೋ, ನನಗೇನು ಗೊತ್ತು? ಸಂಗಮೇಶ ಹಿಂದೆ ಕೂತು ಕಣ್ಣೊರೆಸಿಕೊಂಡ. ‘ಇಷ್ಟ ದಿನದಾಗ ಇಂಥ ಬದಲಾವಣಿ ನೋಡಿಲ್ಲರಿ’ ಎಂದು ಅಕ್ಕೋರಿಗೆ ಹೇಳಿದ. ಪಾಪ, ಒಳ್ಳೆಯ ಹುಡುಗ. ಒಳ್ಳೆಯವರನ್ನು ನಂಬಿಸುವುದು ಎಷ್ಟು ಹಗುರ ನೋಡು.

ನವೆಂಬರಿನಲ್ಲಿ ಇಳಕಲ್ಲಿನಲ್ಲಿ ದೊಡ್ಡ ಸಭೆಯಂತೆ. ಜಿಲ್ಲೆಯ ಸುಗಮಕಾರರೆಲ್ಲ ತಾವು ಬದಲಾಯಿಸಿದ ಒಬ್ಬೊಬ್ಬ ಶಿಕ್ಷಕರನ್ನು ಕರೆತರಬೇಕಂತೆ. ಅವನು ನನ್ನನ್ನು ಆರಿಸಿದ್ದಾನೆ. ವೇದಿಕೆಯ ಮೇಲೆ ಪ್ರಶ್ನೆ ಕೇಳುವವಳು ನೀನೇ ಅಂತೆ. ಅಲ್ಲಿ ಒಮ್ಮೆ ಹೊಗಳಿಸಿಕೊಂಡು ಬಂದರೆ ನಿವೃತ್ತಿಯವರೆಗೆ ನನ್ನ ತರಗತಿಯ ಬಾಗಿಲಿಗೆ ಯಾರೂ ಬರುವುದಿಲ್ಲ. ನೀನು ನನ್ನ ಮಾತು ನಡೆಸಲಿಲ್ಲ, ಹೋಗಲಿ. ಕೇಳುವ ಪ್ರಶ್ನೆಗಳನ್ನಾದರೂ ಮೊದಲೇ ಬರೆದು ಕಳಿಸು. ಉಳಿದದ್ದು ನಾನು ನೋಡಿಕೊಳ್ಳುತ್ತೇನೆ.

ನಿನ್ನ ಅಮ್ಮಿ ಆರಾಮವಿದ್ದಾಳೆ. ನಿನ್ನನ್ನು ನೆನೆಯುತ್ತಾಳೆ.

ನಿನ್ನ ಅಬ್ಬಾ


ನವನಗರ, ಬಾಗಲಕೋಟೆ
೨೫ ಅಕ್ಟೋಬರ್ ೨೦೨೪

ಅಬ್ಬಾ, ಸಲಾಮ್.

ಬನ್ನಿ.

ಪ್ರಶ್ನೆಗಳು ಇವು, ಇದೇ ಕ್ರಮ. ನಿಮ್ಮ ಸೇವೆ ಎಷ್ಟು ವರ್ಷದ್ದು? ಮೊದಲು ನೀವು ಹೇಗೆ ಕಲಿಸುತ್ತಿದ್ದಿರಿ? ಈಗ ಮಕ್ಕಳಿಗೆ ಕಷ್ಟವಾದಾಗ ನೀವು ಏನು ಮಾಡುತ್ತೀರಿ? ಈ ಬದಲಾವಣೆ ಹೇಗೆ ಸಾಧ್ಯವಾಯಿತು?

ಬಿಳಿ ಅಂಗಿ ಹಾಕಿಕೊಳ್ಳಿ. ಫೋಟೋ ತೆಗೆಯುತ್ತಾರೆ.

ಖುಶನುಮಾ


ಕೆರೂರ
೧೮ ನವೆಂಬರ್ ೨೦೨೪

ನನ್ನ ಮುದ್ದಿನ ಮಗಳು ಖುಶಿಗೆ ಅಬ್ಬಾನ ಸಾವಿರ ದುವಾ.

ಬಸ್ಸಿನಲ್ಲಿ ಬರುವಾಗಲೇ ಈ ಕಾಗದ ಮನಸ್ಸಿನಲ್ಲಿ ಬರೆದಿಟ್ಟಿದ್ದೆ. ನಿನ್ನೆಯಿಡೀ ನಿನ್ನ ಅಮ್ಮಿಗೆ ಅದೇ ಕಥೆ ಹೇಳಿದೆ. ಮುನ್ನೂರು ಮಾಸ್ತರರು, ಬೆಂಗಳೂರಿನಿಂದ ಬಂದ ದೊಡ್ಡವರು, ನಡುವೆ ನೀನು. ಆ ಕೆಂಪು ಸೆರಗಿನ ಇಳಕಲ್ ಸೀರೆ ಯಾವಾಗ ಕೊಂಡೆ? ನಿನ್ನ ಅಜ್ಜಿ ಎದ್ದು ಬಂದ ಹಾಗಿತ್ತು. ನಿನ್ನನ್ನು ನೋಡಿ ನನಗೆ ಮೊದಲ ಎರಡು ಉತ್ತರ ಮರೆಯುವುದರಲ್ಲಿತ್ತು.

ನೀನು ಮೈಕನ್ನು ಬಾಯಿಗೆ ಬಹಳ ಹತ್ತಿರ ಹಿಡಿದಿದ್ದೆ, ತುಟಿ ಕಾಣಲಿಲ್ಲ. ಪ್ರಶ್ನೆ ಬಾಯಿಪಾಠವಿದ್ದವಲ್ಲ, ಚಿಂತೆಯಾಗಲಿಲ್ಲ. ಮೂರನೆಯದಕ್ಕೆ ನಾನು ಹೇಗೆ ಹೇಳಿದೆ ನೋಡಿದೆಯಾ? ‘ನಾನು ಅವಸರ ಮಾಡೂದಿಲ್ಲರಿ. ಸುಮ್ನ ನಿಂತು ನೋಡ್ತೇನಿ. ಹುಡುಗೂರು ತಾವ ಮಾಡ್ಕೋತಾವು. ಅದನ್ನ ನೋಡೂದು ಒಂದು ಆನಂದ.’ ಎಲ್ಲರೂ ನಕ್ಕರು, ಹಿಂದಿನವರು ಎದ್ದು ನಿಂತು ನೋಡಿದರು. ನಾಲ್ಕನೆಯದಕ್ಕೆ ‘ಎಲ್ಲಾ ಸಂಗಮೇಶ ಸರ್ ಅವರ ಆಶೀರ್ವಾದರಿ’ ಎಂದೆ. ಆಗಂತೂ ಸಭೆ ಅಲುಗಾಡಿತು. ನೀನು ಸೆರಗಿನಿಂದ ಕಣ್ಣೊರೆಸಿಕೊಂಡದ್ದನ್ನು ನೋಡಿದೆ.

ಮರಳುವಾಗ ಅಕ್ಕೋರು ಮಾತೇ ಆಡಲಿಲ್ಲ. ಹೊಟ್ಟೆಕಿಚ್ಚು. ಸಂಗಮೇಶ ಮುಂದಿನ ಸೀಟಿಗೆ ಹಣೆ ಒತ್ತಿಕೊಂಡು ಕೂತಿದ್ದ, ಮೂರು ದಿನದ ದಣಿವಿರಬೇಕು.

ಖುಶಿ, ನಿನಗೆ ಎರಡು ಏಟು ಕೊಟ್ಟದ್ದನ್ನು ನೆನಪಿಟ್ಟಿದ್ದೀಯ. ಆ ಏಟೇ ನಿನ್ನನ್ನು ಅಲ್ಲಿ ನಿಲ್ಲಿಸಿದೆ ಎಂದು ನನಗೆ ಇವತ್ತೂ ಅನ್ನಿಸುತ್ತದೆ. ಆದರೆ ಮೊನ್ನೆ ಆ ಸಭೆಯಲ್ಲಿ ಪಕ್ಕದವನಿಗೆ ‘ಆಕಿ ನನ್ನ ಮಗಳರಿ’ ಎಂದು ಹೇಳಿದೆ. ಶಾಲೆಯ ಮಂದಿಯ ನಡುವೆ ಈ ಮಾತು ಹೇಳಿದ್ದು ಇದೇ ಮೊದಲು. ಬಾಯಿಗೆ ಸಕ್ಕರೆ ಹಾಕಿಕೊಂಡ ಹಾಗಾಯಿತು. ಒಂದು ಭಾನುವಾರ ಬಾ.

ನಿನ್ನ ಅಬ್ಬಾ


ನವನಗರ, ಬಾಗಲಕೋಟೆ
೧ ಡಿಸೆಂಬರ್ ೨೦೨೪

ಅಬ್ಬಾ,

ನಿಮಗೆ ಇನ್ನೂ ಯಾರೂ ಹೇಳಿಲ್ಲವೆಂದು ಅಮ್ಮಿಯಿಂದ ತಿಳಿಯಿತು. ಬೇರೆಯವರ ಬಾಯಿಂದ ತಿಳಿಯುವುದಕ್ಕಿಂತ ನಾನೇ ಬರೆಯುವುದು ನ್ಯಾಯ.

ಮೊದಲ ಎರಡು ಪ್ರಶ್ನೆ ನಾನು ಬರೆದವೇ. ಮೂರನೆಯದು ಅದಲ್ಲ. ನಾನು ಕೇಳಿದ್ದು ಇದು: ‘ನಿಮ್ಮ ತರಗತಿಯ ಅಬೇದಾ ಎಂಬ ಹುಡುಗಿ ಹೊರಗೆ ಹೋಗಲು ಮೂರು ಸಲ ಕೇಳಿ ಕೊನೆಗೆ ಕುಳಿತಲ್ಲೇ ಒದ್ದೆಯಾದಳು. ಆಗ ನೀವೇನು ಮಾಡಿದಿರಿ?’ ಅದಕ್ಕೆ ನೀವು, ಸುಮ್ಮನೆ ನಿಂತು ನೋಡುತ್ತೇನೆ, ಅದೊಂದು ಆನಂದ ಎಂದಿರಿ.

ನಾಲ್ಕನೆಯದಾಗಿ ‘ಸರ್, ನಿಮಗೆ ಕಿವಿ ಕೇಳಿಸುತ್ತದೆಯೇ?’ ಎಂದು ಕೇಳಿದೆ. ಎಲ್ಲ ಸಂಗಮೇಶ ಸರ್ ಆಶೀರ್ವಾದ ಎಂದಿರಿ. ಸಭೆ ಅಲುಗಾಡಿದ್ದು ಅದಕ್ಕೆ. ಎದ್ದು ನಿಂತವರು ನಿಮ್ಮನ್ನು ಚೆನ್ನಾಗಿ ನೋಡಲೆಂದು ನಿಂತರು. ಮೈಕು ಬಾ​ಯಿಗೆ ಹತ್ತಿರ ಹಿಡಿದದ್ದು ಬೇಕೆಂದೇ.

ಕಿವಿಯ ವಿಷಯ ನಾನಾಗಿ ಹೇಳುವುದಿಲ್ಲ ಎಂದು ಮಾತು ಕೊಟ್ಟಿದ್ದೆ. ನಾನು ಹೇಳಲಿಲ್ಲ, ಕೇಳಿದೆ. ಹೇಳಿದವರು ನೀವು.

ನನಗೆ ಅಳು ಬಂದದ್ದು ನಿಜ. ನಿಮ್ಮ ಬಿಳಿ ಅಂಗಿಗೆ ಇಸ್ತ್ರಿಯ ಗೆರೆ ಇತ್ತು, ಅಮ್ಮಿ ಮಾಡಿರಬೇಕು. ಆದರೂ ನಿಲ್ಲಿಸಲಿಲ್ಲ. ಸಂಗಮೇಶನಂಥ ಹುಡುಗನನ್ನು ನೀವು ಕೋಡಂಗಿ ಮಾಡಿ, ಅದನ್ನು ನನಗೆ ತಮಾಷೆಯೆಂದು ಬರೆದಿರಿ. ಆ ಮಗುವಿನ ಲಂಗವನ್ನು ‘ಆ ವಿಷಯ ಮುಗಿಯಿತು’ ಎಂದಿರಿ. ನನಗೆ ಮುಗಿಯಲಿಲ್ಲ. ಹಿಂದಿನ ಸಾಲಿನ ಒಬ್ಬಳ ಪರವಾಗಿ ಒಮ್ಮೆಯಾದರೂ ಯಾರಾದರೂ ನಿಮ್ಮನ್ನು ನಿಲ್ಲಿಸಿ ಕೇಳಬೇಕಿತ್ತು.

ಬೆಂಗಳೂರಿನವರು ಈ ಘಟನೆಯನ್ನು ತರಬೇತಿಯ ಪಾಠದಲ್ಲಿ ಸೇರಿಸಲು ಹೇಳಿದ್ದಾರೆ. ನಿಮ್ಮ ಹೆಸರು ಇರುವುದಿಲ್ಲ. ‘ಒಬ್ಬ ಹಿರಿಯ ಶಿಕ್ಷಕರು’ ಎಂದು ಮಾತ್ರ. ಈ ವಾರ ನಿಮ್ಮ ತರಗತಿ ಬೇರೆಯವರಿಗೆ ಹೋಗುತ್ತದೆ. ಎದುರಾಡಬೇಡಿ, ಸಂಬಳ ಹಾಗೆಯೇ ಇರುತ್ತದೆ.

ಖುಶನುಮಾ


ನವನಗರ, ಬಾಗಲಕೋಟೆ
೯ ಮಾರ್ಚ್ ೨೦೨೫

ಅಬ್ಬಾ, ಸಲಾಮ್.

ಮೂರು ತಿಂಗಳಾಯಿತು, ನಿಮ್ಮಿಂದ ಒಂದು ಸಾಲು ಇಲ್ಲ. ಅಮ್ಮಿಯೂ ಫೋನು ಎತ್ತುವುದಿಲ್ಲ. ರೋಜಾ ಶುರುವಾದ ದಿನ ನಾನೊಬ್ಬಳೇ ಖರ್ಜೂರ ತಿಂದು ಉಪವಾಸ ಬಿಟ್ಟೆ.

ನಾನು ಮಾಡಿದ್ದು ಸರಿ ಎಂದೇ ನನಗೆ ಅನ್ನಿಸುತ್ತದೆ. ಆದರೆ ಸರಿ ಮಾಡಿದವರಿಗೆ ನಿದ್ದೆ ಬರುತ್ತದೆ ಎನ್ನುತ್ತಾರೆ, ನನಗೆ ಬರುತ್ತಿಲ್ಲ. ಇಳಕಲ್ಲಿನಲ್ಲಿ ಆ ಪಾಠ ಓದುವಾಗ ಪ್ರತಿ ಸಲವೂ ಸುಗಮಕಾರರು ನಗುತ್ತಾರೆ. ನಾನು ಕಿಟಕಿಯ ಹತ್ತಿರ ಹೋಗಿ ನಿಲ್ಲುತ್ತೇನೆ. ಕಳೆದ ವಾರ ಯಾರೋ ‘ಈ ಮುದುಕನನ್ನು ಇನ್ನೂ ಏಕೆ ಇಟ್ಟುಕೊಂಡಿದ್ದರು ಮೇಡಂ’ ಎಂದು ಕೇಳಿದರು. ಅವರು ನನ್ನ ಅಪ್ಪ ಎಂದು ಹೇಳಲು ಬಾಯಿ ತೆರೆದೆ. ಹೇಳಲಿಲ್ಲ.

ಈದಿಗೆ ಮನೆಗೆ ಬರಬೇಕೆಂದಿದ್ದೇನೆ. ನಿಮ್ಮೆದುರು ಕೂತು ಮಾತಾಡಬೇಕು, ನಿಧಾನವಾಗಿ, ನೀವು ತಿಳಿಯುವ ಹಾಗೆ. ಬೈಯಿರಿ, ಹೊಡೆಯಿರಿ, ಎರಡು ಏಟಲ್ಲ, ನಾಲ್ಕು ಕೊಡಿ. ಬಾ ಎಂದು ಒಂದು ಸಾಲು ಬರೆಯಿರಿ ಸಾಕು.

ನಿಮ್ಮ ಖುಶಿ


ಕೆರೂರ
೨೩ ಮಾರ್ಚ್ ೨೦೨೫

ಖುಶನುಮಾಗೆ.

ಕಾಗದ ಸಿಕ್ಕಿತು. ನೀನು ಕೇಳದಿದ್ದರೂ ಇಲ್ಲಿಯ ಸುದ್ದಿ ಬರೆಯುತ್ತೇನೆ. ಇದು ನಿನ್ನ ಕೆಲಸದ ಹಿಮ್ಮಾಹಿತಿ ಎಂದುಕೋ.

ನನಗೆ ಅಡುಗೆ ಕೋಣೆಯ ಮುಂದೆ ಒಂದು ಕುರ್ಚಿ ಹಾಕಿಕೊಟ್ಟಿದ್ದಾರೆ. ಮೊಟ್ಟೆ, ಬಾಳೆಹಣ್ಣು ಹಂಚುತ್ತೇನೆ. ಮಕ್ಕಳಿಗೆ ಹೊಸ ಆಟ ಸಿಕ್ಕಿದೆ. ಸಾಲಿನಲ್ಲಿ ಬಂದು ಸದ್ದು ಮಾಡದೆ ಬರೀ ತುಟಿ ಆಡಿಸುತ್ತವೆ. ನಾನು ‘ಏನೋ? ಜೋರಾಗಿ ಅನ್ನು’ ಎಂದು ಬಗ್ಗಬೇಕು, ಅವು ಬಿದ್ದು ಬಿದ್ದು ನಗಬೇಕು. ಮಷೀನು ಹಾಕಿಕೊಂಡೆ, ಈಗ ಹೆದರುವುದೇನಿದೆ. ಅದರಲ್ಲಿ ಮೊದಲು ಕೇಳಿಸಿದ್ದು ಆ ನಗೆಯೇ. ತೆಗೆದು ಮತ್ತೆ ಟ್ರಂಕಿನಲ್ಲಿಟ್ಟೆ.

ಸಂಗಮೇಶ ಸುಗಮಕಾರ ಕೆಲಸ ಬಿಟ್ಟ. ನನ್ನ ಎದುರು ಬಂದರೆ ದಾರಿ ಬದಲಿಸುತ್ತಾನೆ. ಅವನಿಗೆ ನಾನು ಮೋಸ ಮಾಡಿದೆ ಎಂಬ ಸಿಟ್ಟು, ಅದು ಸರಿಯೇ. ನನ್ನ ತರಗತಿಗೆ ಈವರೆಗೆ ಮಾಸ್ತರ ಬಂದಿಲ್ಲ. ಮಕ್ಕಳು ಗುಂಪಿನಲ್ಲಿ ಕೂತು ತಮ್ಮತಮ್ಮೊಳಗೆ ಕಲಿಯುತ್ತವೆ.

ಇನ್ನು ಅಬೇದಾ. ಆ ಸಭೆಯಲ್ಲಿ ನಮ್ಮ ಊರಿನ ಸುತ್ತಲಿನ ಮಾಸ್ತರರು ಬೇಕಾದಷ್ಟು ಜನ ಇದ್ದರು. ಮೈಕಿನಲ್ಲಿ ನೀನು ಹೇಳಿದ ಹೆಸರು ನನ್ನೊಬ್ಬನಿಗೆ ಕೇಳಿಸಲಿಲ್ಲ, ಮಿಕ್ಕವರಿಗೆಲ್ಲ ಕೇಳಿಸಿತು. ವಾರದೊಳಗೆ ಊರಿಗೆ ಬಂತು. ಮೊದಲು ಒಂದು ತರಗತಿಗೆ ಗೊತ್ತಿದ್ದದ್ದು ಈಗ ನಳದ ಕಟ್ಟೆಗೆ, ಗಿರಣಿಗೆ ಗೊತ್ತಾಯಿತು. ಹುಡುಗರು ಅವಳನ್ನು ಏನೆಂದು ಕರೆದರು ಎಂದು ಬರೆಯಲು ನನ್ನ ಕೈ ಬರುವುದಿಲ್ಲ. ಅವಳ ಅವ್ವ ಜನವರಿಯಲ್ಲಿ ಶಾಲೆಗೆ ಬಂದಳು. ಅಕ್ಕೋರ ಎದುರು ನಿಂತು, ನನಗೂ ತಿಳಿಯುವಷ್ಟು ಬಾಯಿ ಅಗಲಿಸಿ ಒದರಿದಳು. ‘ನಿಮ್ಮ ಸಾಲಿ ಸುಧಾರಿಸಲಿಕ್ಕ ನನ್ನ ಮಗಳ ಹೆಸರ ಬೇಕಾಗಿತ್ತೇನ್ರಿ?’ ಅಕ್ಕೋರು ತಲೆಯಾಡಿಸಿದರು. ಅವ್ವ ಮಗಳ ಕೈ ಹಿಡಿದು ಕರೆದುಕೊಂಡು ಹೋದಳು. ಅಬೇದಾ ಈಗ ಇಳಕಲ್ಲಿನಲ್ಲಿ ಸೋದರತ್ತೆಯ ಮನೆಯಲ್ಲಿ ಮಗ್ಗಕ್ಕೆ ನೂಲು ಸುತ್ತುತ್ತಾಳೆ, ಶಾಲೆಗೆ ಹೋಗುವುದಿಲ್ಲ. ನೀನು ಪಾಠ ಓದಿಸುವ ಊರಿನಲ್ಲೇ ಇದ್ದಾಳೆ.

ಮಕ್ಕಳ ಹೆಸರು ಹೇಳಕೂಡದು ಎಂಬುದು ನಿಮ್ಮ ಮೊದಲ ನಿಯಮ ಎಂದು ನೀನೇ ಬರೆದಿದ್ದೆ. ಅವಳ ಹೆಸರನ್ನು ನಿನಗೆ ತಿಳಿಸಿದವನು ನಾನು. ಮಗಳಿಗೆ ಬರೆಯುತ್ತಿದ್ದೇನೆ ಎಂದುಕೊಂಡಿದ್ದೆ.

ನಿನ್ನ ಅಮ್ಮಿ ಈದಿಗೆ ಶಾವಿಗೆಯ ಸುರಕುಂಬಾ ಮಾಡುತ್ತಾಳೆ. ಬಾ ಎಂದು ನಾನು ಹೇಳುವುದಿಲ್ಲ, ಬೇಡ ಎಂದೂ ಹೇಳುವುದಿಲ್ಲ. ಅವಳು ಹೆತ್ತವಳು, ಅವಳ ಮನೆ, ಉಂಡು ಹೋಗು. ನಮ್ಮ ಕಡೆ ಜಗಳವಾದವರು ‘ನಿನ್ನ ಮಾರಿ ನೋಡೂದಿಲ್ಲ’ ಎನ್ನುತ್ತಾರೆ. ಅವರಿಗೆ ಅದು ಬರೀ ಮಾತು. ನೋಡದಿದ್ದರೂ ದನಿ ಕೇಳಿಸುತ್ತದೆ, ದನಿ ಕೇಳಿ ಮನಸ್ಸು ಕರಗುತ್ತದೆ, ಹಬ್ಬದ ಹೊತ್ತಿಗೆ ಒಂದಾಗುತ್ತಾರೆ. ನನಗೆ ಆ ಭಯವಿಲ್ಲ. ನಾನು ಮುಖ ನೋಡದ ಮನುಷ್ಯ ನನ್ನ ಪಾಲಿಗೆ ಬಾಯಿ ತೆರೆದೇ ಇರುವುದಿಲ್ಲ.

ನೀನು ಬಂದಾಗ ನಾನು ಪಡಸಾಲೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಕೂತಿರುತ್ತೇನೆ. ಹಿಂದೆ ಕೂತು ನಿನಗೆ ಹೇಳಬೇಕಾದದ್ದನ್ನೆಲ್ಲ ಹೇಳು.

ಜಾಫರಸಾಬ
ಸಹಶಿಕ್ಷಕ